ಗೋದಲಿ ಪಕ್ಕದ ಸೈಕಲ್ಲು



ಹುನಗುಂದ ಕಡೆಯ ಯಾವ ಹಳ್ಳಿಗಾದರೂ ಹೋಗಿ, ದನ ಕಟ್ಟುವ ಜಾಗದಲ್ಲಿ ಒಮ್ಮೆ ಕಣ್ಣಾಡಿಸಿ. ಗೋದಲಿಯ ಪಕ್ಕದಲ್ಲಿ, ಹೊಟ್ಟಿನ ಚೀಲಗಳ ಸಂದಿಯಲ್ಲಿ, ಗೋಡೆಗೆ ಆತುಕೊಂಡು ನಿಂತ ಒಂದು ಸೈಕಲ್ ಕಂಡೇ ಕಾಣುತ್ತದೆ. ಹ್ಯಾಂಡಲ್ಲಿಗೆ ಎತ್ತಿನ ಹಗ್ಗ ಸುತ್ತಿರುತ್ತದೆ, ಕ್ಯಾರಿಯರ್ ಮೇಲೆ ಮಡಚಿದ ತಾಡಪತ್ರಿ ಇರುತ್ತದೆ, ಎರಡೂ ಟೈರು ಗಾಳಿ ಇಲ್ಲದೆ ನೆಲಕ್ಕೆ ಕೂತಿರುತ್ತವೆ. ಬಹಳ ಸಲ ಅದು ಆ ಮನೆಯ ಮಗಳೋ ಮಗನೋ ಎಂಟನೆಯ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ಬಂದದ್ದು.

ರಾಜ್ಯ ಸರಕಾರ ಈ ಸೈಕಲ್ ಯೋಜನೆಯನ್ನು 2006-07ರಲ್ಲಿ ಶುರು ಮಾಡಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಸಿಕ್ಕಿತು. ಏಳನೆಯದು ಮುಗಿದ ಮೇಲೆ ಪಕ್ಕದ ಊರಿನ ಹೈಸ್ಕೂಲಿಗೆ ನಡೆದು ಹೋಗಬೇಕು ಎಂಬ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಿದ್ದ ಹುಡುಗಿಯರು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಕಡಿಮೆ ಇರಲಿಲ್ಲ. ಬೆಳಗಿನ ಹೊತ್ತು ಸಮವಸ್ತ್ರದ ಹುಡುಗಿಯರು ಸಾಲಾಗಿ ಸೈಕಲ್ ಹೊಡೆದುಕೊಂಡು ಹೋಗುವುದನ್ನು ನಮ್ಮ ರಸ್ತೆಗಳು ಮೊದಲ ಸಲ ಕಂಡದ್ದು ಆ ವರ್ಷಗಳಲ್ಲಿಯೇ. ಕೋವಿಡ್ ಹೊತ್ತಿಗೆ ಈ ಹಂಚಿಕೆ ನಿಂತಿತು. ಹಾಗಾಗಿ ಅಕ್ಕನಿಗೆ ಬಂದ ಸೈಕಲ್ಲು ತಂಗಿಗೆ ದಾಟಬೇಕಾದ ಕಾಲ ಇದು. ದಾಟುತ್ತಿಲ್ಲ ಎಂಬುದೇ ನನ್ನ ಚಿಂತೆ.

ಆ ಸೈಕಲ್ಲು ಮುರಿದು ಮೂಲೆ ಸೇರಿದ್ದಲ್ಲ. ಬಹಳಷ್ಟು ಸೈಕಲ್ಲುಗಳ ಚೌಕಟ್ಟು ಗಟ್ಟಿ ಇರುತ್ತದೆ, ಗಾಲಿ ನೆಟ್ಟಗಿರುತ್ತವೆ. ಮೊದಲು ಗಾಳಿ ಇಳಿಯುತ್ತದೆ. ಗಾಳಿ ಇಲ್ಲದ ಸೈಕಲ್ಲನ್ನು ತುಳಿಯುವುದು ಕಷ್ಟವಾಗುತ್ತದೆ. ಚೈನಿಗೆ ಎಣ್ಣೆ ಇಲ್ಲದೆ ಕಿರುಗುಟ್ಟುತ್ತದೆ. 'ಇದು ಹೋಗಿದೆ' ಅನ್ನುತ್ತಾರೆ, ಗೋಡೆಗೆ ಆನಿಸುತ್ತಾರೆ, ಅಲ್ಲಿಗೆ ಮುಗಿಯಿತು. ಸೈಕಲ್ ಶಾಪಿನ ಮುಂದೆ ಈ ಮಾತು ನೀವೂ ಕೇಳಿರುತ್ತೀರಿ:

"ಚಾಚಾ, ಸೈಕಲ್ ಭಾಳ ಜಡ ಆಗೇತ್ರಿ, ತುಳಿಯಾಕ ಬರವಲ್ದು."

"ಗಾಳಿ ಹೊಡಸಿ ಎಷ್ಟು ದಿನಾ ಆತವಾ?"

"ದೀಪಾವಳಿಗೆ ಹೊಡಸಿದ್ವಿರಿ."

ಮಾತು ನಡೆದದ್ದು ಯುಗಾದಿಯ ಹೊತ್ತಿಗೆ.

ರಬ್ಬರಿನ ಟ್ಯೂಬು ಎಷ್ಟೇ ಹೊಸದಿರಲಿ, ಒಂದು ಸೂಜಿಮೊನೆಯ ತೂತೂ ಇಲ್ಲದಿರಲಿ, ಅದರೊಳಗಿನ ಗಾಳಿ ದಿನಾಲೂ ಚೂರುಚೂರೇ ಹೊರಗೆ ಹೋಗುತ್ತದೆ. ಅದು ರಬ್ಬರಿನ ಗುಣ. ಆದ್ದರಿಂದ ವಾರಕ್ಕೊಮ್ಮೆ ಗಾಳಿ ನೋಡಬೇಕು. ನೋಡುವುದೆಂದರೆ ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತುವುದು. ಬೆರಳು ಒಳಗೆ ಇಳಿದರೆ ಗಾಳಿ ಸಾಲದು. ಎಷ್ಟು ಒತ್ತಡದ ಗಾಳಿ ಬೇಕು ಎಂಬುದನ್ನು ಟೈರಿನ ಪಕ್ಕೆಯಲ್ಲೇ ಉಬ್ಬು ಅಕ್ಷರದಲ್ಲಿ ಅಚ್ಚೊತ್ತಿರುತ್ತಾರೆ. ಕಡಿಮೆ ಗಾಳಿಯಲ್ಲಿ ಓಡಿಸಿದರೆ ಕಲ್ಲು ತಾಗಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸಣ್ಣ ಸೀಳು ಕಂಡರೆ ಮುಳ್ಳನ್ನು ಬೈಯಬೇಡಿ, ಅದು ಗಾಳಿ ಕಡಿಮೆಯಾದದ್ದರ ಗುರುತು.

ಬಾಗಲಕೋಟೆಯ ನವನಗರದ ಮಕ್ಕಳಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಆಲಮಟ್ಟಿಯ ಹಿನ್ನೀರು ಹಳೆಯ ಊರಿಗೆ ನುಗ್ಗಿದ ಮೇಲೆ ಬಾಗಲಕೋಟೆ ಹಳೆಯ ಪಟ್ಟಣ, ವಿದ್ಯಾಗಿರಿ, ನವನಗರ ಎಂದು ಹಂಚಿಹೋಗಿದೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಕಿಲೋಮೀಟರುಗಟ್ಟಲೆ ದಾರಿ. ಸೆಕ್ಟರುಗಳ ರಸ್ತೆಗಳು ಅಗಲವಾಗಿವೆ, ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಆದರೆ ಹುಡುಗರು ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಸುತ್ತಾರೆ. ಅಲ್ಲಿನ ಯಂತ್ರ ಲಾರಿ ಟೈರಿಗೆ ಗಾಳಿ ತುಂಬುವಂಥದ್ದು. ಸೈಕಲ್ಲಿನ ತೆಳ್ಳನೆ ಟ್ಯೂಬನ್ನು ಅದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಒಡೆಯಬಲ್ಲದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹಾಕಿಸಬೇಕು, ನಡುನಡುವೆ ಬೆರಳೊತ್ತಿ ನೋಡಬೇಕು. ಅದಕ್ಕಿಂತ ಕೈಪಂಪು ಒಂದನ್ನು ಓಣಿಯ ನಾಲ್ಕು ಮನೆಯವರು ಸೇರಿ ಕೊಂಡಿಟ್ಟುಕೊಳ್ಳುವುದು ಮೇಲು.

ಗಾಳಿ ತುಂಬಿಸಿದ ಮರುದಿನವೇ ಟೈರು ಮತ್ತೆ ಕೂತರೆ ಟ್ಯೂಬು ಬಿಚ್ಚಲು ಹೋಗಬೇಡಿ. ಮೊದಲು ವಾಲು ನೋಡಿ. ನಮ್ಮ ಕಪ್ಪು ಸೈಕಲ್ಲುಗಳ ವಾಲಿನೊಳಗೆ ಒಂದು ಲೋಹದ ಕಡ್ಡಿ, ಅದಕ್ಕೆ ತೊಡಿಸಿದ ಒಂದು ಸಣ್ಣ ರಬ್ಬರಿನ ಕೊಳವೆ ಇರುತ್ತದೆ. ಅದನ್ನೇ ವಾಲ್‌ಟ್ಯೂಬು ಅನ್ನುವುದು. ಒಳಗೆ ಬರುವ ಗಾಳಿಗೆ ಅದು ದಾರಿ ಬಿಡುತ್ತದೆ, ಹೊರಗೆ ಹೋಗುವ ಗಾಳಿಯನ್ನು ತಡೆಯುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಈ ರಬ್ಬರು ಒಣಗಿ ಸೀಳುತ್ತದೆ. ಬೆರಳಿಗೆ ಉಗುಳು ಹಚ್ಚಿ ವಾಲಿನ ಬಾಯಿಗೆ ಸವರಿ. ಗುಳ್ಳೆ ಎದ್ದರೆ ರೋಗ ಅಲ್ಲೇ ಇದೆ. ಹೊಸ ವಾಲ್‌ಟ್ಯೂಬು ತೊಡಿಸಿದರೆ ಆಯಿತು. ಇಷ್ಟು ಗೊತ್ತಿಲ್ಲದೆ 'ಪಂಚರ್ ಆಗೇತಿ' ಎಂದು ಮೈಲುಗಟ್ಟಲೆ ನೂಕಿಕೊಂಡು ಬರುವ ಮಕ್ಕಳನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಇನ್ನು ನಿಜವಾದ ಪಂಚರಿನ ಮಾತು. ಅದಕ್ಕೆ ನಮ್ಮ ನೆಲವೇ ತವರು. ರಸ್ತೆಯ ಎರಡೂ ಬದಿಗೆ ಬಳ್ಳಾರಿ ಜಾಲಿ, ಹೊಲದ ಬದುವಿಗೆ ಕರಿಜಾಲಿ. ಮಳೆಗಾಲದಲ್ಲಿ ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ನೆಗ್ಗಿಲು ಇವೆರಡಕ್ಕಿಂತ ಕೆಟ್ಟದ್ದು. ಅದರ ಕಾಯಿ ಒಣಗಿ ಒಡೆದಾಗ ಒಂದೊಂದು ತುಣುಕೂ ಹೇಗೆ ಬಿದ್ದರೂ ಒಂದು ಮುಳ್ಳನ್ನು ಮೇಲಕ್ಕೆ ಮಾಡಿಕೊಂಡೇ ಬೀಳುತ್ತದೆ. ಒಂದು ಕಾಲುದಾರಿಯಲ್ಲಿ ಹಾದು ಬಂದರೆ ಟೈರಿಗೆ ನಾಲ್ಕೈದು ಹತ್ತಿಕೊಂಡಿರುತ್ತವೆ. ಆದ್ದರಿಂದ ಈ ಭಾಗದಲ್ಲಿ ಪಂಚರ್ ತಿದ್ದುವವರು ಒಂದು ತೂತು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು, ಟ್ಯೂಬಿನ ಇಡೀ ಸುತ್ತನ್ನೂ ನೋಡಬೇಕು. ಹಾಗೆಯೇ ಜಾಲಿ ಮರದ ನೆರಳಿನಲ್ಲಿ ಸೈಕಲ್ ನಿಲ್ಲಿಸಬೇಡಿ. ಬಿಸಿಲಿಗಂಜಿ ನೆರಳಿಗೆ ಹೋದವರ ಗಾಲಿಗೆ ಮುಳ್ಳು ಕಾದಿರುತ್ತದೆ. ಬೇವಿನ ನೆರಳು ಹುಡುಕಿ.

ಸೈಕಲ್ಲಿಗೆ ಗಾಳಿಯ ಟೈರು ಬಂದದ್ದೂ ಒಂದು ಮಗುವಿನ ಸಲುವಾಗಿ. 1880ರ ದಶಕದ ಕೊನೆಯಲ್ಲಿ ಬೆಲ್‌ಫಾಸ್ಟ್ ಊರಿನ ಜಾನ್ ಬಾಯ್ಡ್ ಡನ್‌ಲಪ್ ಎಂಬ ದನಕರುಗಳ ಡಾಕ್ಟರು ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡುವುದನ್ನು ನೋಡಲಾರದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಕಟ್ಟಿದರು. ಗಾಳಿಯ ಜೊತೆಗೆ ಪಂಚರೂ ಅಂದೇ ಹುಟ್ಟಿತು.

ಪಂಚರ್ ತಿದ್ದುವುದು ಹೀಗೆ. ಟೈರನ್ನು ಕೈಯಿಂದ ತಿರುಗಿಸುತ್ತ ಮೇಲೆ ಕಾಣುವ ಮುಳ್ಳನ್ನೆಲ್ಲ ಕಿತ್ತು, ಆ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಉಳಿದ ಗಾಳಿ ಬಿಡಿ. ವಾಲಿನ ಎದುರು ಬದಿಯಿಂದ ಶುರು ಮಾಡಿ ಟೈರಿನ ಒಂದು ಅಂಚನ್ನಷ್ಟೇ ರಿಮ್ಮಿನಿಂದ ಹೊರಗೆ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಬೇಡಿ, ಅದರ ಮೊನೆಯೇ ಟ್ಯೂಬಿಗೆ ಹೊಸ ತೂತು ಮಾಡುತ್ತದೆ. ಗುಂಡು ಅಂಚಿನ ಟೈರ್ ಲಿವರ್ ಇಲ್ಲದಿದ್ದರೆ ಗಟ್ಟಿ ಸ್ಟೀಲ್ ಚಮಚದ ಹಿಡಿಕೆ ನಡೆಯುತ್ತದೆ. ಟ್ಯೂಬು ಹೊರಗೆಳೆದು ತುಸು ಗಾಳಿ ಹಾಕಿ, ಬೋಗುಣಿ ನೀರಿನಲ್ಲಿ ಸುತ್ತಲೂ ಮುಳುಗಿಸುತ್ತ ಬನ್ನಿ. ಗುಳ್ಳೆ ಬಂದಲ್ಲಿ ಗುರುತು ಮಾಡಿ, ಪೂರಾ ಒರೆಸಿ ಒಣಗಿಸಿ, ಸ್ಯಾಂಡ್ ಪೇಪರಿನಿಂದ ಪ್ಯಾಚಿಗಿಂತ ತುಸು ಅಗಲಕ್ಕೆ ತಿಕ್ಕಿ. ಸೊಲ್ಯೂಷನ್ ಹಚ್ಚಿ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಹಸಿ ಸೊಲ್ಯೂಷನ್ ಮೇಲೆ ಪ್ಯಾಚು ಇಟ್ಟರೆ ಅದು ಜಾರುತ್ತದೆ, ಎರಡೇ ದಿನಕ್ಕೆ ಬಾಯಿ ಬಿಡುತ್ತದೆ. ತೆಳ್ಳಗೆ ಸವರಿ, ಹೊಳಪು ಹೋಗಿ ಮಂಕಾಗುವ ತನಕ ಐದು ನಿಮಿಷ ಸುಮ್ಮನೆ ಕೂಡಿ. ಆಮೇಲೆ ಪ್ಯಾಚು ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿ.

ಟ್ಯೂಬು ಒಳಗೆ ಹಾಕುವ ಮೊದಲು ಟೈರಿನ ಒಳಮೈ ಪರೀಕ್ಷಿಸಲೇಬೇಕು. ಮುರಿದ ಮುಳ್ಳಿನ ಮೊನೆ ಅಲ್ಲೇ ಉಳಿದಿದ್ದರೆ ನಿಮ್ಮ ಕೆಲಸವೆಲ್ಲ ನೀರಿನಲ್ಲಿ ಹೋಮ. ಬೆರಳು ಹಾಕಿ ಹುಡುಕಿದರೆ ಬೆರಳಿಗೇ ಚುಚ್ಚೀತು, ಒಂದು ಹಿಡಿ ಅರಳೆ ಹಿಡಿದು ಒಳಗೆಲ್ಲ ಸವರಿ. ಮೊನೆ ಇದ್ದಲ್ಲಿ ಅರಳೆಯ ಎಳೆ ಸಿಕ್ಕಿಕೊಳ್ಳುತ್ತದೆ. ಟೈರಿನ ಅಂಚು ಮತ್ತೆ ಕೂರಿಸುವಾಗ ವಾಲಿನ ಹತ್ತಿರ ಬಂದು ಮುಗಿಸಿ. ಕೊನೆಗೆ ವಾಲನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಿ. ಟೈರಿನ ಅಂಚಿನ ಕೆಳಗೆ ಸಿಕ್ಕ ಟ್ಯೂಬು ಆಗ ಬಿಡಿಸಿಕೊಳ್ಳುತ್ತದೆ.

ಇಳಕಲ್ಲಿನ ಸುತ್ತ ಮುಳ್ಳಿನ ಜೊತೆಗೆ ಕಲ್ಲೂ ಉಂಟು. ಅಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ, ಅದರ ಚೂಪು ಚಕ್ಕೆಗಳು ಕ್ವಾರಿ ರಸ್ತೆಯಲ್ಲಿ ಉಳಿಯುತ್ತವೆ. ಚಕ್ಕೆಗೆ ಟೈರೇ ಸೀಳಿದರೆ ಪ್ಯಾಚು ಸಾಲದು. ಸೀಳಿನ ಒಳಬದಿಗೆ ಹಳೆಯ ಟೈರಿನ ತೆಳು ತುಂಡನ್ನು ಇಟ್ಟು ಊರು ಮುಟ್ಟಿಕೊಳ್ಳಿ. ಆದರೆ ಅದರಲ್ಲೇ ತಿಂಗಳುಗಟ್ಟಲೆ ಓಡಿಸಬೇಡಿ.

ಚೈನಿನ ಮಾತಿಗೆ ಬಾದಾಮಿಗೆ ಬರೋಣ. ಬಾದಾಮಿಯ ಗುಡ್ಡವೆಲ್ಲ ಮರಳುಗಲ್ಲು. ಚಾಲುಕ್ಯರು ಗುಹೆ ಕೊರೆದದ್ದು ಆ ಕಲ್ಲಿನಲ್ಲೇ, ಪಟ್ಟದಕಲ್ಲು ಕಟ್ಟಿದ್ದೂ ಅದರಲ್ಲೇ. ಆ ಕಲ್ಲು ಸವೆದು ಆದ ಕೆಂಪು ಉಸುಕು ರಸ್ತೆಯ ಬದಿಗೆಲ್ಲ ಹಾಸಿರುತ್ತದೆ. ಅದು ಎಣ್ಣೆ ಮೆತ್ತಿದ ಚೈನಿಗೆ ಹತ್ತಿದರೆ ಚೈನು ತುಳಿದಷ್ಟೂ ಸವೆಯುತ್ತದೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆಂದು ಸುತ್ತಲಿನ ಹಳ್ಳಿಯ ಹುಡುಗರು ಸೈಕಲ್ ಸಿದ್ಧ ಮಾಡುತ್ತಾರೆ. ಚೈನಿನ ಮೇಲೆ ಎಣ್ಣೆ ಸುರಿಯುತ್ತಾರೆ, ಒರೆಸುವುದಿಲ್ಲ. ಜಾತ್ರೆಯ ಧೂಳೆಲ್ಲ ಆ ಎಣ್ಣೆಯಲ್ಲಿ ಕೂತು ಕಪ್ಪು ಮಡ್ಡಿಯಾಗುತ್ತದೆ.

ಮೊದಲು ಚೈನನ್ನು ಒಣ ಅರಿವೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒರೆಸಬೇಕು. ಮಡ್ಡಿ ಬಹಳವಿದ್ದರೆ ತುಸು ಡೀಸೆಲ್ ಹಚ್ಚಿದ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಒರೆಸಿ ಒಣಗಲು ಬಿಡಬೇಕು. ಆಮೇಲೆ ಒಂದೊಂದು ಕೊಂಡಿಗೂ ಒಂದೊಂದೇ ಹನಿ ಎಣ್ಣೆ. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಸಾಕು. ಐದು ನಿಮಿಷ ಬಿಟ್ಟು ಹೊರಮೈ ಮೇಲಿನ ಎಣ್ಣೆಯನ್ನೆಲ್ಲ ಒರೆಸಿಬಿಡಬೇಕು. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ, ಹೊರಗೆ ಉಳಿದದ್ದು ಉಸುಕು ಹಿಡಿಯುವುದಕ್ಕಷ್ಟೇ. ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ ಖಂಡಿತ ಬೇಡ. ಅವು ನಾಲ್ಕು ದಿನಕ್ಕೆ ಅಂಟಾಗುತ್ತವೆ. ಗ್ಯಾರೇಜಿನ ಕರಿ ಆಯಿಲ್ಲೂ ಬೇಡ, ಅದರೊಳಗೆ ಬೇರೊಂದು ಇಂಜಿನ್ನಿನ ಸವೆದ ಲೋಹದ ಪುಡಿ ಇರುತ್ತದೆ.

ಚೈನು ಸಡಿಲಾಗಿ ಪದೇ ಪದೇ ಕಳಚುತ್ತಿದ್ದರೆ ಹಿಂದಿನ ಗಾಲಿಯ ಎರಡೂ ನಟ್ಟನ್ನು ಪಾನಾದಿಂದ ಸಡಿಲಿಸಿ, ಗಾಲಿಯನ್ನು ನೆಟ್ಟಗೆ ಹಿಂದಕ್ಕೆ ಎಳೆದು ಬಿಗಿಯಿರಿ. ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿದರೆ ಸುಮಾರು ಅರ್ಧ ಇಂಚು ಆಡಬೇಕು. ಅಷ್ಟೂ ಆಡದಂತೆ ಬಿಗಿದರೆ ತುಳಿಯುವಾಗ ಎಳೆಯುತ್ತದೆ. ಚೈನು ಸವೆದಿದೆಯೋ ಇಲ್ಲವೋ ಎಂದು ತಿಳಿಯಲು ಶಾಲೆಯ ಅಳತೆಪಟ್ಟಿ ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಹನ್ನೆರಡನ್ನು ದಾಟಿ ಇಂಚಿನ ಎಂಟನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ತಡ ಮಾಡಿದರೆ ಅದು ಹಲ್ಲುಚಕ್ರವನ್ನೂ ತಿಂದುಹಾಕುತ್ತದೆ. ಹುಡುಗಿಯರ ಸೈಕಲ್ಲಿನ ಚೈನ್ ಕವರ್ ಕಿತ್ತು ಬಿಸಾಡುವವರಿದ್ದಾರೆ, ದಡಬಡ ಸದ್ದು ಮಾಡುತ್ತದೆ ಎಂದು. ದಯಮಾಡಿ ಹಾಗೆ ಮಾಡಬೇಡಿ. ಅದರ ಒಂದು ತಿರಪು ಬಿಗಿದರೆ ಸದ್ದು ನಿಲ್ಲುತ್ತದೆ. ವೇಲು ಚೈನಿಗೆ ಸಿಕ್ಕರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಬಾದಾಮಿಯಿಂದ ಮಹಾಕೂಟದ ಕಡೆಗೆ ಗುಡ್ಡದ ಇಳಿಜಾರುಗಳಿವೆ. ಅಲ್ಲಿಗೆ ಹೊರಡುವವರು ಬ್ರೇಕು ನೋಡದೆ ಹೊರಡಬಾರದು. ಬ್ರೇಕಿನ ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು. ಟೈರಿಗೆ ತಾಗಿದರೆ ಟೈರನ್ನು ಕೊಯ್ಯುತ್ತದೆ. ರಬ್ಬರು ಕೂತಿರುವ ಲೋಹದ ಗೂಡಿಗೆ ಒಂದು ಬದಿ ಮುಚ್ಚಿರುತ್ತದೆ, ಒಂದು ಬದಿ ತೆರೆದಿರುತ್ತದೆ. ಎರಡೂ ಕಡೆಯಿಂದ ರಿಮ್ಮು ಹಿಡಿಯುವ ತಂತಿ ಬ್ರೇಕಿನಲ್ಲಿ ಮುಚ್ಚಿದ ಬದಿ ಸೈಕಲ್ಲಿನ ಮುಂದಿನ ದಿಕ್ಕಿಗಿರಬೇಕು. ಉಲ್ಟಾ ಹಾಕಿದರೆ ಜೋರಾಗಿ ಬ್ರೇಕ್ ಹಿಡಿದ ಹೊತ್ತಿನಲ್ಲೇ ರಬ್ಬರು ಜಾರಿ ಹೊರಗೆ ಬರುತ್ತದೆ. ಬ್ರೇಕು ಕಿರುಗುಟ್ಟಿತೆಂದು ರಿಮ್ಮಿಗೆ ಎಣ್ಣೆ ಬಿಡುವ ಮಕ್ಕಳಿದ್ದಾರೆ. ಎಣ್ಣೆ ಹತ್ತಿದ ರಿಮ್ಮನ್ನು ಯಾವ ಬ್ರೇಕೂ ಹಿಡಿಯಲಾರದು. ಇದನ್ನು ಮಕ್ಕಳನ್ನು ಮನೆಯಲ್ಲಿ ಕೂಡಿಸಿಕೊಂಡು ಹೇಳಿ. ಇಳಿಜಾರಿನಲ್ಲಿ ಮುಂದಿನ ಬ್ರೇಕೊಂದನ್ನೇ ಗಕ್ಕನೆ ಹಿಡಿಯಬಾರದು ಎಂಬುದನ್ನೂ ಹೇಳಿ.

ಹುನಗುಂದದ ಎರಿ ಭೂಮಿಯ ತಾಪತ್ರಯ ಬೇರೆ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಒಂದು ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಸೈಕಲ್ಲು ಹತ್ತು ಮಾರು ಹೋಗುವಷ್ಟರಲ್ಲಿ ಕರಿಮಣ್ಣು ಮಡ್ಗಾರ್ಡಿನೊಳಗೆ ತುಂಬಿ ಗಾಲಿ ಕಚ್ಚಿ ನಿಲ್ಲುತ್ತದೆ. ಆಗ ಜೋರು ಮಾಡಿ ತುಳಿಯಬೇಡಿ, ಚೈನು ಹರಿಯುತ್ತದೆ, ಮಡ್ಗಾರ್ಡಿನ ಸರಳು ಕಿತ್ತು ಕಡ್ಡಿಗಳೊಳಗೆ ಸಿಕ್ಕುತ್ತದೆ. ಒಂದು ಕಟ್ಟಿಗೆಯ ಚಕ್ಕೆಯಿಂದ ಹಸಿ ಇರುವಾಗಲೇ ಮಣ್ಣು ಕೆತ್ತಿ ತೆಗೆಯಿರಿ. ಒಣಗಿದರೆ ಎರಿ ಕಲ್ಲಿನಂತಾಗುತ್ತದೆ. ಮನೆಗೆ ಬಂದು ಕೊಳವೆಬಾವಿಯ ಪೈಪಿನಿಂದ ಗಾಲಿಯ ನಡುವಿಗೇ ನೀರು ಚಿಮ್ಮಿಸುವ ರೂಢಿ ಇದೆ. ಗಾಲಿಯ ತುಂಬಿನೊಳಗೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳಿರುತ್ತವೆ, ಅವುಗಳ ಸುತ್ತ ಗ್ರೀಸ್ ಇರುತ್ತದೆ. ಜೋರು ನೀರು ಆ ಗ್ರೀಸನ್ನು ತೊಳೆದು ಒಳಗೆ ಕೆಸರು ಬಿಡುತ್ತದೆ. ಒದ್ದೆ ಅರಿವೆಯಿಂದ ಒರೆಸಿದರೆ ಸಾಕು.

ಗಾಲಿ ಬೆಂಡಾಗುವುದು, ಬೆಂಡು ತೆಗೆಯುವುದು ಇವನ್ನು ಇಳಕಲ್ಲಿನ ನೇಕಾರ ಮನೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಸೈಕಲ್ ಗಾಲಿಯ ರಾಟಿಯಲ್ಲೇ ಕಂಡಿಕೆ ಸುತ್ತುವ ಮನೆಗಳಿವೆ. ರಾಟಿಯ ಗಾಲಿ ಅತ್ತಿತ್ತ ತೂಗಿದರೆ ನೂಲು ಹರಿಯುತ್ತದೆ, ಸೈಕಲ್ಲಿನ ಗಾಲಿ ತೂಗಿದರೆ ಬ್ರೇಕು ಒಂದು ಕಡೆ ತಾಗಿ ಒಂದು ಕಡೆ ತಾಗದೆ ಹೋಗುತ್ತದೆ. ನಮ್ಮ ಹಳೆಯ ಕಪ್ಪು ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಭಾರವೆಲ್ಲ ಹಿಂದೆ ಬೀಳುವುದರಿಂದ ಅಲ್ಲಿ ಹೆಚ್ಚು. ಒಂದೊಂದೇ ಕಡ್ಡಿಯನ್ನು ಚಿಮ್ಮುತ್ತ ಬನ್ನಿ. ಬಿಗಿಯಾದದ್ದು ಟಿಂಗ್ ಅನ್ನುತ್ತದೆ, ಸಡಿಲಾದದ್ದು ಡಬ್ ಅನ್ನುತ್ತದೆ. ರಿಮ್ಮು ಬಲಕ್ಕೆ ಬಾಗಿದ್ದರೆ ಆ ಜಾಗದಲ್ಲಿ ಎಡಬದಿಯ ಕಡ್ಡಿಯ ನಿಪ್ಪಲ್ಲನ್ನು ಕಾಲು ಸುತ್ತು ಬಿಗಿದು, ಗಾಲಿ ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಒಮ್ಮೆಗೇ ಎರಡು ಸುತ್ತು ಬಿಗಿದವರ ಗಾಲಿ ಎಂಟರ ಅಂಕಿಯಾಗುತ್ತದೆ.

ಪೆಡಲ್ ಬದಲಿಸುವವರಿಗೆ ಒಂದು ಮಾತು. ಬಲಗಾಲಿನ ಪೆಡಲು ಎಲ್ಲ ತಿರಪಿನ ಹಾಗೆ ಬಲಕ್ಕೆ ತಿರುವಿದರೆ ಬಿಗಿಯುತ್ತದೆ. ಎಡಗಾಲಿನದು ಉಲ್ಟಾ, ಎಡಕ್ಕೆ ತಿರುವಿದರೆ ಬಿಗಿ, ಬಲಕ್ಕೆ ತಿರುವಿದರೆ ಸಡಿಲು. ತುಳಿಯುವಾಗ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಹೀಗೆ ಮಾಡಿದ್ದಾರೆ. ಇದು ತಿಳಿಯದೆ ಬಲ ಹಾಕಿ ತಿರುವಿ ತಿರಪಿನ ಎಳೆ ಕೆಡಿಸಿದರೆ ಪೆಡಲಿನ ಕಾಲನ್ನೇ ಬದಲಿಸಬೇಕಾಗುತ್ತದೆ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಫ್ರೀವೀಲ್ ಬಿಚ್ಚಬೇಡಿ, ಅದರೊಳಗಿನ ಗುಂಡು, ಸ್ಪ್ರಿಂಗು ಅಂಗಳದ ತುಂಬ ಹಾರುತ್ತವೆ. ಕಾಟರ್ ಪಿನ್ ಬಡಿಯುವುದು, ವರ್ಷಕ್ಕೊಮ್ಮೆ ತುಂಬು ಬಿಚ್ಚಿ ಗ್ರೀಸ್ ತುಂಬುವುದು ಶಾಪಿನವರ ಕೆಲಸ. ಮುಂದಿನ ಫೋರ್ಕಿನಲ್ಲಿ ಬಿರುಕು ಕಂಡರೆ ಆ ಸೈಕಲ್ಲನ್ನು ಹತ್ತಲೇಬಾರದು, ನೂಕಿಕೊಂಡೇ ಹೋಗಬೇಕು. ಸೈಕಲ್ ಶಾಪುಗಳು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿವೆ. ಉಳಿದವರಲ್ಲಿ ಬಹಳ ಮಂದಿ ಮೋಟಾರ್ ಸೈಕಲ್ಲಿಗೆ ಹೊರಳಿದ್ದಾರೆ. ಇನ್ನೂ ಸೈಕಲ್ ಮುಟ್ಟುವ ಹಿರಿಯರು ನಿಮ್ಮ ಊರಲ್ಲಿದ್ದರೆ ಮಕ್ಕಳನ್ನು ಅವರ ಹತ್ತಿರ ಕಳಿಸಿ, ಒಂದು ತಾಸು ಕೂತು ನೋಡಲಿ.

ಕಳಿಸುವಾಗ ಮಗಳನ್ನೂ ಕಳಿಸಿ. ಸೈಕಲ್ಲು ಆಕೆಯದು, ಪಂಚರ್ ತೆಗೆಯುವವನು ಮಾತ್ರ ಅಣ್ಣ ಎಂಬುದು ನಮ್ಮ ಮನೆಗಳ ರೂಢಿ. ಅಣ್ಣ ದುಡಿಯಲು ಮಂಗಳೂರಿಗೋ ಗೋವೆಗೋ ಹೋದ ದಿನ ಸೈಕಲ್ಲು ಗೋದಲಿ ಪಕ್ಕಕ್ಕೆ ಹೋಗುತ್ತದೆ, ಆಕೆ ಶಾಲೆ ಬಿಡುವ ಮಾತು ಶುರುವಾಗುತ್ತದೆ. ಒಂದು ಪಾನಾ ಕೈಗೆ ಬಂದರೆ ಆ ಮಾತು ಅಷ್ಟು ಸುಲಭಕ್ಕೆ ಬಾರದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ತಂದಿದ್ದಾರೆ. ಅವರು ಓಡಿಸಿ ಕಲಿತದ್ದೂ ಇವೇ ರಸ್ತೆಗಳಲ್ಲಿ.

ಈಗ ಗೋದಲಿ ಪಕ್ಕದ ಆ ಸೈಕಲ್ಲನ್ನು ಹೊರಗೆ ತರುವ ಕ್ರಮ. ಮೊದಲು ಗಾಳಿ ಹೊಡೆಯಬೇಡಿ. ಟೈರಿನ ಪಕ್ಕೆ ಬಾಗಿಸಿ ನೋಡಿ, ಬಿರುಕಿನೊಳಗೆ ನೂಲು ಕಂಡರೆ ಟೈರು ಬದಲಿಸಲೇಬೇಕು. ನೂಲು ಕಾಣದಿದ್ದರೆ ಹೊಸ ವಾಲ್‌ಟ್ಯೂಬು ಹಾಕಿ ಅರ್ಧ ಗಾಳಿ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಗೇ ಇದ್ದರೆ ಪೂರಾ ತುಂಬಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ಸಂಜೆಯೇ ಎಣ್ಣೆ ಬಿಟ್ಟಿಡಿ, ಒಣಗಿದ್ದನ್ನು ಹಾಗೇ ತಿರುವಿದರೆ ಮುರಿಯುತ್ತವೆ. ಬ್ರೇಕಿನ ರಬ್ಬರು ಉಗುರು ಇಳಿಯದಷ್ಟು ಗಟ್ಟಿಯಾಗಿದ್ದರೆ ಹೊಸದು ಹಾಕಿಸಿ. ಅಂಗಳದಲ್ಲೇ ನಾಲ್ಕು ಸುತ್ತು ಹೊಡೆದು, ಬ್ರೇಕು ಹಿಡಿದು ನೋಡಿ, ಎಲ್ಲ ನಟ್ಟನ್ನೂ ಮತ್ತೊಮ್ಮೆ ಬಿಗಿದು ಆಮೇಲೆ ರಸ್ತೆಗೆ ಬಿಡಿ.

ಹುನಗುಂದ-ಇಳಕಲ್ ನಡುವಿನ 50ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳು ಹಗಲುರಾತ್ರಿ ಓಡುತ್ತವೆ. ಆ ದಾರಿಯಲ್ಲಿ ಹೋಗುವ ಮಕ್ಕಳು ಸರ್ವಿಸ್ ರಸ್ತೆ ಇರುವಲ್ಲಿ ಅದನ್ನು ಬಿಟ್ಟು ಮೇಲೆ ಹತ್ತಬಾರದು. ಹಿಂದಿನ ಮಡ್ಗಾರ್ಡಿನ ಕೆಂಪು ರಿಫ್ಲೆಕ್ಟರಿನ ಮೇಲೆ ಕೆಸರು ಕೂತಿದ್ದರೆ ಇವತ್ತೇ ಒರೆಸಿ, ಒಡೆದುಹೋಗಿದ್ದರೆ ಕೆಂಪು ರೇಡಿಯಂ ಪಟ್ಟಿ ಒಂದು ಗೇಣು ತಂದು ಅಂಟಿಸಿ. ಗಂಟೆಯ ಮುಚ್ಚಳ ಬಿಚ್ಚಿ ಒಳಗಿನ ಹಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಅದೂ ಸದ್ದು ಮಾಡುತ್ತದೆ.